ಹಸಿ ಹಿಕ್ಕೆ ತೋರಿಸಿದ ಹಾದಿ

ಬನಶಂಕರಿ ಆಣೆ ಮಾಡಿ ಹೇಳ್ತೇನಿ, ಇದರಾಗ ಒಂದಕ್ಷರ ಸುಳ್ಳಿಲ್ಲ. ಬಾದಾಮಿ ಗುಡ್ಡದಾಗ ಗೇರ್ ಸೈಕಲ್ ಓಡಿಸೋದರಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲ. ಆದರೆ ಅವತ್ತು ಮಧ್ಯಾಹ್ನ ಬಂಡೆಗಳ ನಡುವೆ ದಾರಿ ತಪ್ಪಿತು. ಬಾಟ್ಲಿಯ ನೀರು ಮುಗಿದಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆಗ ಆಡಿನ ಹಸಿ ಹಿಕ್ಕೆ ಕಂಡವು. ಆಡು ಹೋದಲ್ಲಿ ಊರು ಇರಲೇಬೇಕು ಅಂತ ಅವುಗಳ ಬೆನ್ನು ಹತ್ತಿದೆ. ಹಿಕ್ಕೆ ಮುಗಿದಲ್ಲಿ ನೆಲವೂ ಮುಗಿದಿತ್ತು! ಮುಂದಿನ ಗಾಲಿ ಕಮರಿಯ ಅಂಚಿನ ಮೇಲೆ, ನನ್ನ ಜೀವ ಬ್ರೇಕಿನ ಮೇಲೆ.

"ಹಿಂದ ಸರೀರಿ ಯಪ್ಪಾ!" ಆಡು ಕಾಯುವ ಮುದುಕಿಯೊಬ್ಬಳು ಕೂಗಿದಳು.

"ಊರ ಹಾದಿ ಇದಲ್ಲೇನಬೇ? ಹಿಕ್ಕಿ ನೋಡ್ಕೋತ ಬಂದೇನಿ" ಅಂದೆ.

"ಮುಂಜಾನಿ ಬಿಟ್ಟ ಆಡು ಈ ಹೊತ್ತಿನಾಗ ಊರಿಗೆ ಯಾಕ ಹೋಗ್ತಾವ್ರಿ? ಹಸಿ ಹಿಕ್ಕಿಗೆ ಬೆನ್ನು ಮಾಡಿ ನಡೀರಿ. ಮುಂಜಾನಿ ಹಾಕಿ ಒಣಗಿದ್ದು ಕಂಡಂಗ ಊರು ಹತ್ತಿರ ಬರತೈತಿ."

ಅವಳು ಕೊಟ್ಟ ನೀರು ಕುಡಿದು, ಸೈಕಲ್ ಹೆಗಲಿಗೇರಿಸಿ ಹೊರಟೆ. ಕಡಿದಾದ ಇಳಿಜಾರು ಮುಗಿಯುವ ತನಕ ಮುದುಕಿಯೂ ಜೊತೆಗೆ ಬಂದಳು. ಒಣ ಹಿಕ್ಕೆ ನೋಡುತ್ತ ನಡೆದಂತೆ ಊರಿನ ಮನೆಗಳು ಕಂಡವು.

ಎಲ್ಲಾ ಖರೇನ. ಸೈಕಲ್ ಮಾತ್ರ ನನ್ನ ಹೆಗಲ ಮೇಲೆ ಇರಲಿಲ್ಲ, ಮುದುಕಿಯ ತಲೆ ಮೇಲಿತ್ತು.