ಕೈಗೆ ಕಾಣುವ ಚೆಂಡು

ನಮ್ಮ ಆಫೀಸಿನಲ್ಲಿ ಫೋನ್ ನೋಡಿಕೊಳ್ಳುತ್ತಿದ್ದ ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಶನಿವಾರ ಸಂಜೆ ಕೊಟ್ಟೂರಿನ ವಿಡಿಯೊ ಗೇಮ್ ಅಂಗಡಿಯಲ್ಲಿ ನಮ್ಮನ್ನೆಲ್ಲ ಟೇಬಲ್ ಟೆನಿಸ್‌ನಲ್ಲಿ ಸೋಲಿಸುತ್ತಿದ್ದಳು. ಚಪ್ಪಲಿ ಬಿಟ್ಟು, ವೇಲನ್ನು ಸೊಂಟಕ್ಕೆ ಕಟ್ಟಿ, ಟಿವಿಯತ್ತ ಕಿವಿ ತಿರುಗಿಸಿ ನಿಲ್ಲುವಳು. ಚೆಂಡು ಎಡಕ್ಕೆ ಬಂತೋ ಬಲಕ್ಕೋ ಎಂಬುದನ್ನು ಸದ್ದು ಹೇಳುತ್ತಿತ್ತು. ಹೊಡೆಯುವ ಗಳಿಗೆಗೆ ಬ್ಯಾಟಿನಂತೆ ಬೀಸಲು ಕೈಯಲ್ಲಿ ಹಿಡಿದಿದ್ದ ರಿಮೋಟ್ ನಡುಗುತ್ತಿತ್ತು. ಹೇಗೆ ಆಡುತ್ತೀ ಎಂದು ಯಾರಾದರೂ ಕೇಳಿದರೆ, “ಕೈಗೆ ಗೊತ್ತಾಗ್ತೈತಿ ಬಿಡ್ರಿ” ಅನ್ನುವಳು.

ಒಂದು ಶನಿವಾರ ಅಂಗಡಿಯವನು ಸೆಲ್ ಉಳಿಯಲೆಂದು ರಿಮೋಟಿನ ನಡುಕ ಬಂದ್ ಮಾಡಿದ್ದ. ಆಟದ ನಡುವೆ ತನಗೆ ಫೋನ್ ಬಂತೆಂದು ಟಿವಿಯ ಸದ್ದನ್ನೂ ಬಂದ್ ಮಾಡಿದ. ಅಕ್ಕ ಗಾಳಿಗೆ ಬೀಸಿದಳು. ಮತ್ತೆ ಬೀಸಿದಳು. ಎಲ್ಲರೂ ನಕ್ಕರು. ಅವನ ಉಡಾಫೆ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ನಕ್ಕವರಲ್ಲಿ ನಾನೂ ಇದ್ದೆ ಎಂಬುದಕ್ಕೆ ಇನ್ನೂ ಹೆಚ್ಚು ಉರಿಯುತ್ತದೆ.

“ಸೌಂಡ್ ಯಾಕ ತೆಗದಿಯೋ ತಮ್ಮಾ?” ಎಂದು ಅಕ್ಕ ಕೇಳಿದಳು.

“ಸೌಂಡ್ ಇಲ್ಲಂದ್ರ ಏನಾತ್ರಿ ಅಕ್ಕಾ? ಆಟ ನಡದೈತಲ್ಲ!”

ಅಕ್ಕ ಸೊಂಟದ ವೇಲ್ ಬಿಚ್ಚಿ, ಎರಡು ಮಡಿಕೆ ಮಾಡಿ, ತಡವುತ್ತಾ ಹೋಗಿ ಟಿವಿಯ ಮೇಲೆ ಪೂರ್ತಿ ಹೊದಿಸಿದಳು. ಆಮೇಲೆ ರಿಮೋಟನ್ನು ಅವನ ಕೈಗೆ ಒತ್ತಿದಳು.

“ಹಿಡಿ ತಮ್ಮಾ. ಆಟ ನಡದೈತಿ, ಆಡು.”