ಹೂಕುಂಡವಾಗಿದ್ದ ಚಕ್ರಗಳು

ಕ್ವಿಬೆಕ್ಕಿನ ರಸ್ತೆಗಳಲ್ಲಿ ಬದುಕಿಡೀ ಹಿಮ ಸರಿಸುವ ಲಾರಿ ಓಡಿಸಿದ ರೊಜೇರ್ ಪೆಲ್ಕೆ, ನಿವೃತ್ತನಾದ ವರ್ಷ ಒಂದು ಕ್ಯಾಂಪಿಂಗ್ ಗಾಡಿ ಕೊಂಡ. ಕಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು; ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇತ್ತು. ಇದರಲ್ಲಿ ನಿನ್ನನ್ನು ಗಾಸ್ಪೆಯ ಸಮುದ್ರಕ್ಕೆ ಕರೆದೊಯ್ಯುತ್ತೇನೆಂದು ಹೆಂಡತಿ ಯುಗೆಟ್‌ಗೆ ಮಾತು ಕೊಟ್ಟ. ದಾರಿಯಲ್ಲಿ ಒಂದು ರಾತ್ರಿ ತಂಗಲೆಂದು ಸರೋವರದ ದಂಡೆಯ ಕ್ಯಾಂಪಿನಲ್ಲಿ ಇಳಿದರು. ಇಪ್ಪತ್ತು ಬೇಸಿಗೆ ಕಳೆದರೂ ಆ ಒಂದು ರಾತ್ರಿ ಮುಗಿದಿರಲಿಲ್ಲ.

ಇದಕ್ಕೆಲ್ಲ ಕಾರಣ, ನೆಲ ಸಮತಟ್ಟಾಗಿದೆಯೇ ಎಂದು ನೋಡುವ ಅವನ ರಸಮಟ್ಟ. ಮೇ ತಿಂಗಳಲ್ಲಿ ಹಿಮ ಕರಗಿದ ಮೇಲೆ ಎಲ್ಲರೂ ಗಾಡಿ ಸಜ್ಜು ಮಾಡುತ್ತಾರೆ. ನೀರು ಹೆಪ್ಪುಗಟ್ಟಿ ನಲ್ಲಿಗಳು ಒಡೆಯದಿರಲೆಂದು ಚಳಿಗಾಲಕ್ಕೆ ತುಂಬಿಸಿಟ್ಟ ಗುಲಾಬಿ ಬಣ್ಣದ ದ್ರಾವಣವನ್ನು ಹರಿಯಬಿಡುತ್ತಾರೆ, ಒಲೆಯೊಳಗಿನ ಇಲಿಗೂಡು ಎತ್ತಿ ಎಸೆಯುತ್ತಾರೆ, ಹಾಸಿಗೆಗೆ ಬಿಸಿಲು ತೋರಿಸುತ್ತಾರೆ. ರೊಜೇರ್ ಇಷ್ಟಕ್ಕೆ ತೃಪ್ತನಾಗುವ ಪ್ರಾಣಿಯಲ್ಲ. ಗಾಡಿಯ ಕೆಳಗೆ ತೆವಳಿಕೊಂಡು ಜಾಕಿಗಳನ್ನು ಕೂದಲೆಳೆಯಷ್ಟು ಏರಿಸಿ, ಕೂದಲೆಳೆಯಷ್ಟು ಇಳಿಸಿ ಮಟ್ಟ ನೋಡುತ್ತಿದ್ದ. ಊಟದ ಮೇಜಿನ ಮೇಲಿಟ್ಟ ಮೊಟ್ಟೆ ಉರುಳದೆ ನಿಂತರೆ ಮಾತ್ರ ಯುಗೆಟ್‌ಗೆ ಒಳಗೆ ಬರಲು ಅಪ್ಪಣೆ. ಅಷ್ಟು ಹೊತ್ತೂ ಪಾಪದ ಹೆಂಗಸು ಸೂಪಿನ ಪಾತ್ರೆ ಹಿಡಿದು ಹೊರಗೆ ನಿಂತಿರಬೇಕು.

ಗಾಳಿ ತುಂಬಿದ ಚಕ್ರಗಳಿಂದ ಮಟ್ಟ ಕೆಡುತ್ತದೆಂದು ಒಂದು ವರ್ಷ ಅವನ್ನೇ ಬಿಚ್ಚಿ ಗಾಡಿಯನ್ನು ಕಲ್ಲುಗಳ ಮೇಲೆ ಕೂರಿಸಿಬಿಟ್ಟ. ಎಸೆಯಲು ಮನಸ್ಸಾಗದೆ ಚಕ್ರಗಳಿಗೆ ಬಿಳಿ ಬಣ್ಣ ಬಳಿದು, ನಡುವಿನ ಗುಳಿಗೆ ಮಣ್ಣು ತುಂಬಿ, ಪೆಟೂನಿಯಾ ಹೂಗಿಡ ನೆಟ್ಟ. ಆಮೇಲೆ ಗಾಡಿಗೆ ಚಾವಣಿ ಬಂತು, ಮಗ್ಗುಲಿಗೆ ಮರದ ಜಗಲಿ ಬಂತು. ಪಕ್ಕದ ಗಾಡಿಯ ಗಿಲೆನ್ ತನ್ನ ಜಗಲಿಯನ್ನೂ ಅದಕ್ಕೇ ಸೇರಿಸಿ ಮೊಳೆ ಹೊಡೆದ, ಇಸ್ಪೀಟಿಗೆ ಅನುಕೂಲ. ಯುಗೆಟ್ ಸಮುದ್ರದ ಮಾತೆತ್ತಿದರೆ ರೊಜೇರನದು ಒಂದೇ ಉತ್ತರ.

"ಮಟ್ಟ ಕೆಡುತ್ತೆ ಕಣೆ."

ಈ ವರ್ಷ ಕ್ಯಾಂಪಿನ ಹೊಸ ಒಡತಿ ಮದಾಮ್ ದೆಸಿಲೆ ಮನೆಮನೆಗೂ, ಅಂದರೆ ಗಾಡಿಗಾಡಿಗೂ, ಬಂದು ಹೇಳಿ ಹೋದಳು. ಕದಲದೆ ಕೂತದ್ದು ಮನೆ ಎಂದು ಊರಾಡಳಿತ ತೀರ್ಮಾನಿಸಿದೆಯಂತೆ. ದಂಡೆಯ ಮೇಲೆ ಮನೆ ಕೂಡದಂತೆ. ಕ್ರಿಸ್ಮಸ್ಸಿನ ದಿನ ಪ್ರತಿ ಗಾಡಿಯೂ ತನ್ನದೇ ಚಕ್ರದ ಮೇಲೆ ಗೇಟಿನವರೆಗೆ ಬರಬೇಕು, ಬಾರದಿದ್ದರೆ ಜಾಗ ಖಾಲಿ ಮಾಡಬೇಕು. ಕ್ರಿಸ್ಮಸ್ ಎಂದರೆ ಕ್ಯಾಂಪಿನವರು ಬೇಸಿಗೆಯಲ್ಲಿ ತಾವೇ ಆಚರಿಸಿಕೊಳ್ಳುವ ಜುಲೈನದ್ದು. ಡಿಸೆಂಬರಿನದನ್ನು ಕ್ಯಾಂಪಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ರೊಜೇರನಿಗೆ ಜೀವ ಬಾಯಿಗೆ ಬಂತು. ಆ ದಂಡೆ, ಆ ಜಗಲಿ, ಸಂಜೆಯ ಇಸ್ಪೀಟು ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿರಲಿಲ್ಲ.

"ಇದು ಮನೆಯಲ್ಲ ಅಂತ ತೋರ್ಸೋಕೆ ನನ್ನ ಮನೇನ ನಾನೇ ಎಳೀಬೇಕಂತೆ," ಎಂದು ಕಂಡಕಂಡವರ ಮುಂದೆ ಗೋಳಾಡಿದ.

ಜಗಲಿಯನ್ನು ಗರಗಸದಿಂದ ಬೇರ್ಪಡಿಸುವಾಗ ಗಿಲೆನ್ ತನ್ನ ಕಾಲನ್ನೇ ಕೊಯ್ಯುತ್ತಿದ್ದಾರೆಂಬಂತೆ ಮುಖ ತಿರುಗಿಸಿ ನಿಂತ. ಇನ್ನು ಚಕ್ರಗಳು. ಪೆಟೂನಿಯಾ ಮೈತುಂಬ ಹೂ ಬಿಟ್ಟಿತ್ತು. ಹೂ ಕಿತ್ತರೆ ನಿನ್ನ ಮೀಸೆ ಕೀಳುತ್ತೇನೆಂದು ಯುಗೆಟ್ ಅಡ್ಡ ನಿಂತಳು. ರೊಜೇರ್ ಬೋಲ್ಟುಗಳ ಸುತ್ತ ಮಾತ್ರ ಮಣ್ಣು ಕೆರೆದು, ಗಾಳಿ ಹೊಡೆದು, ಗಿಡಗಳ ಸಮೇತ ಚಕ್ರ ಜೋಡಿಸಿದ.

ಕ್ರಿಸ್ಮಸ್ಸಿನ ದಿನ ಬಿಸಿಲು ರಣಗುಡುತ್ತಿತ್ತು. ಪ್ರತಿ ಸಲದಂತೆ ಸಾಂತಾ ವೇಷ ಗಿಲೆನನದೇ. ಮೇಲೆ ಉಣ್ಣೆಯ ಕೆಂಪು ಕೋಟು, ಕೆಳಗೆ ಚಡ್ಡಿ, ಗಡ್ಡದಿಂದ ಬೆವರು ಇಳಿಯುತ್ತಿತ್ತು. ಮೊಟ್ಟೆ ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಯುಗೆಟ್ ಗಾಡಿಯೊಳಗೇ ಕೂತಳು. ರೊಜೇರ್ ಕಾರು ಹೊರಡಿಸಿದ. ಗಾಡಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಜನವೆಲ್ಲ ಟರ್ಕಿ ಕೋಳಿಯ ತಟ್ಟೆ ಕೆಳಗಿಟ್ಟು ಹಿಂದಿನಿಂದ ನೂಕಿದರು. ಎಲ್ಲೋ ಏನೋ ಲಟಕ್ಕೆಂದಿತು, ಗಾಡಿ ಮುಂದಕ್ಕೆ ಜಾರಿತು. ಪೆಟೂನಿಯಾಗಳು ತಲೆಕೆಳಗಾಗಿ, ಮತ್ತೆ ತಲೆಮೇಲಾಗಿ, ನೂಕಿದವರ ಮುಖಕ್ಕೆಲ್ಲ ಮಣ್ಣೆರಚಿದವು.

ಒಳಗೆ ಮೊಟ್ಟೆ ಉರುಳಿತು. ಯುಗೆಟ್ ಅದನ್ನು ಮಡಿಲಲ್ಲಿ ಹಿಡಿದುಕೊಂಡು ತಲೆ ಎತ್ತಿದಳು. ಇಷ್ಟು ವರ್ಷ ಕಿಟಕಿಗೆ ಅಂಟಿಕೊಂಡಿದ್ದ ಪೈನ್ ಮರ ಹಿಂದಕ್ಕೆ ಹೋಗುತ್ತಿತ್ತು. ಅದರ ಹಿಂದೆ ಸರೋವರವೂ ಹೋಯಿತು.

ಗೇಟಿನ ಬಳಿ ಮದಾಮ್ ದೆಸಿಲೆ ಚಕ್ರ ಮುಟ್ಟಿ ನೋಡಿ, ಹೂವಿಗೆ ಹುಬ್ಬೇರಿಸಿ, ಇದು ಗಾಡಿಯೇ ಎಂದು ಒಪ್ಪಿದಳು. ಜಾಗ ಉಳಿಯಿತು. ರೊಜೇರ್ ನಿಟ್ಟುಸಿರು ಬಿಟ್ಟು, ಹಿಂದಕ್ಕೆ ತಗೊಳ್ಳುತ್ತೇನೆ, ಇಳಿ ಎಂದು ಹೆಂಡತಿಯನ್ನು ಕೂಗಿದ. ಅವಳು ಇಳಿದಳು. ಆದರೆ ಬಂದು ಕೂತದ್ದು ಕಾರಿನ ಮುಂದಿನ ಸೀಟಿನಲ್ಲಿ, ಅವನ ಪಕ್ಕ.

"ಸಮುದ್ರ ಯಾವ ಕಡೆ?" ಎಂದಳು.

"ಎಡಕ್ಕೆ. ಆದ್ರೆ ಯುಗೆಟ್, ಮಟ್ಟ..."

ಅವಳು ಅಂಗೈ ತೆರೆದಳು. ಮೊಟ್ಟೆ ಒಡೆದಿರಲಿಲ್ಲ.

"ಇದನ್ನ ನಾನು ಹಿಡ್ಕೋತೀನಿ. ನೀನು ಓಡ್ಸು."

ರೊಜೇರ್ ಕನ್ನಡಿಯಲ್ಲಿ ತನ್ನ ಜಾಗ ನೋಡಿದ. ಅಲ್ಲಿ ಅರ್ಧ ಜಗಲಿ ಮಾತ್ರ ನಿಂತಿತ್ತು. ಖಾಲಿ ಬಿಟ್ಟು ಹೋದರೂ ಇನ್ನು ಅದು ಅವನದೇ. ಅವನು ಎಡಕ್ಕೆ ತಿರುಗುವ ಸೂಚನೆಯ ದೀಪ ಹಾಕಿದ. ಗಾಡಿಯ ದೀಪ ಎಂದೋ ಸತ್ತಿತ್ತು, ಹತ್ತಲಿಲ್ಲ. ಅದನ್ನು ಕಂಡ ಗಿಲೆನ್ ಗಡ್ಡ ಸರಿಮಾಡಿಕೊಂಡು ಹೆದ್ದಾರಿಯ ನಡುವೆ ಹೋಗಿ ನಿಂತು, ಬರುವ ವಾಹನಗಳಿಗೆಲ್ಲ ತಡೆಯೊಡ್ಡಿ, ಎಡಗೈ ಚಾಚಿದ.