ನಮ್ಮನೆಯವರು ‘ಫಿಟ್’ ಅಂದದ್ದು

ಕಾಯುವುದು ಅಂದರೆ ಸುಮ್ಮನೆ ಕೂರುವುದು ಎಂದುಕೊಂಡವರು ಒಮ್ಮೆ ನಮ್ಮ ಮನೆಗೆ ಬರಬೇಕು. ಯಡಿಯೂರು ಕೆರೆಗೆ ಎರಡು ರಸ್ತೆ ಈಚೆಗೆ, ಮೊದಲನೇ ಮಹಡಿ. ಮುಂದಿನ ರೂಮಿನಲ್ಲಿ ನನ್ನ ಹೊಲಿಗೆ ಮಿಷನ್ನು, ಗೋಡೆ ತುಂಬ ಹ್ಯಾಂಗರಿಗೆ ಹಾಕಿದ ಗಿರಾಕಿಗಳ ಬ್ಲೌಸುಗಳು. ಹಿಂದಿನ ರೂಮಿನಲ್ಲಿ ನಮ್ಮನೆಯವರು. ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದು, ಕಾಯಿಲೆ ಅಂತ ಮನೆಗೆ ಬಂದವರು. ಆ ಕಾಯಿಲೆ ಕಣ್ಣಿಗೆ ಕಾಣುವಂಥದ್ದಲ್ಲ. ಕೈಕಾಲು ನೆಟ್ಟಗಿವೆ, ಮೀಸೆಯೂ ನೆಟ್ಟಗಿದೆ. ನೋಡಿದವರೆಲ್ಲ, ಏನಾಗಿದೆ ಇವರಿಗೆ, ಗುಂಡುಕಲ್ಲಿನ ಹಾಗಿದ್ದಾರಲ್ಲ ಅನ್ನುತ್ತಾರೆ. ಏನಾಗಿದೆ ಅಂತ ಸೈನ್ಯದವರೇ ಒಂದು ಸಾಲು ಬರೆದುಕೊಡಲಿ ಎಂದೇ ನಾವು ಇಷ್ಟು ವರ್ಷ ಕಾದದ್ದು.

ಗಡಿಯಲ್ಲಿ ಒಂದು ಮುಂಜಾನೆ ಪಹರೆಗೆ ಹೋದ ಇವರ ತಂಡದ ಮೇಲೆ ಗುಂಡು ಹಾರಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ, ಅದೂ ಇವರ ಜೊತೆಗಿದ್ದ ಒಬ್ಬರು ಫೋನಿನಲ್ಲಿ ಹೇಳಿ. ಇವರ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ. ಆಮೇಲೆ ನಿದ್ದೆ ಹೋಯಿತು, ಊಟ ಹೋಯಿತು, ಕೈ ನಡುಕ ಹತ್ತಿತು. ಪಟಾಕಿ ಸದ್ದಿಗೆ ಹೆದರುತ್ತಾರೇನೋ ಅಂತ ಜನ ಅಂದುಕೊಳ್ಳುತ್ತಾರೆ. ಪಟಾಕಿಗೆ ಇವರು ತಲೆ ಎತ್ತಿ ನೋಡುವುದೂ ಇಲ್ಲ. ಸದ್ದು ನಿಂತರೆ ಇವರಿಗಾಗದು. ಮಟಮಟ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತುಬಿಡುತ್ತಾರೆ. ಬೆವರು ಕಿತ್ತುಕೊಂಡು ಬರುತ್ತದೆ. ಆಗ ನಾನು ಮಿಷನ್ನಿನ ಮುಂದೆ ಕೂತು, ಬಟ್ಟೆಯಿರಲಿ ಬಿಡಲಿ, ಪೆಡಲು ತುಳಿಯುತ್ತೇನೆ. ಆ ಟಕಟಕ ಕೇಳುತ್ತ ಕೇಳುತ್ತ ಇವರ ಉಸಿರು ಹದಕ್ಕೆ ಬರುತ್ತದೆ. ಒಮ್ಮೆ ಗಿರಾಕಿಯೊಬ್ಬರು ಬಂದವರು ಖಾಲಿ ಮಿಷನ್ ಯಾಕೆ ಓಡಿಸ್ತಿದೀರ ಎಂದು ಕೇಳಿದರು. ಎಣ್ಣೆ ಬಿಟ್ಟಿದೀನಿ ಅಂದೆ.

ಇಂಥವರ ವಿಷಯ ತೀರ್ಮಾನಿಸುವುದಕ್ಕೆ ಮೆಡಿಕಲ್ ಬೋರ್ಡು ಅಂತ ಕೂರುತ್ತದೆ. ಸೈನ್ಯದ ವೈದ್ಯರು ಮೂವರು. ಕಾಯಿಲೆ ನೌಕರಿಯಿಂದ ಬಂತೋ, ಮೊದಲೇ ಮೈಯಲ್ಲಿತ್ತೋ ಎಂದು ಅವರು ಹೇಳಬೇಕು. ನೌಕರಿಯಿಂದ ಬಂತು ಅಂದರೆ ಅಂಗವೈಕಲ್ಯದ ಪಿಂಚಣಿ, ಇಲ್ಲವಾದರೆ ಇಲ್ಲ. ಮೊದಲ ಸಲ ಊರಿನ ಆ ತುದಿಯಲ್ಲಿದ್ದ ಆಸ್ಪತ್ರೆಗೆ ಇವರನ್ನು ಕರೆದುಕೊಂಡು ಹೋದಾಗ ನನಗೆ ಇದೊಂದೂ ಗೊತ್ತಿರಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಹೋದವರು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹೊರಗೆ ಬಂದರು. ಆಟೋದಲ್ಲಿ ಕೇಳಿದೆ. ಹೇಗಿದ್ದೀಯ ಅಂತ ಸಾಹೇಬರು ಕೇಳಿದರಂತೆ. ಇವರು ಎದೆಯೆತ್ತಿ, “ಏಕ್‌ದಮ್ ಫಿಟ್, ಸಾರ್” ಅಂದರಂತೆ.

ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಕಾಯಿಲೆ ತೋರಿಸಲು ಹೋಗಿ ಫಿಟ್ ಅಂದು ಬಂದವರನ್ನು ಎಲ್ಲಾದರೂ ಕಂಡಿದ್ದೀರಾ? ಆದರೆ ಸೈನ್ಯದವರ ಮನೆಗಳಲ್ಲಿ ವಿಚಾರಿಸಿ ನೋಡಿ, ಹೀಗೆ ಹೇಳಿ ಬಂದವರು ಎಷ್ಟು ಜನ ಬೇಕು. ಆಫೀಸರು ಹೇಗಿದ್ದೀಯ ಅಂದರೆ ಅವರಿಗೆ ಕಲಿಸಿರುವುದು ಒಂದೇ ಉತ್ತರ. ಜ್ವರದಲ್ಲಿ ಸುಡುತ್ತಿದ್ದರೂ ಅದೇ, ಸ್ಟ್ರೆಚರಿನ ಮೇಲೆ ಮಲಗಿದ್ದರೂ ಅದೇ. ಕೆಲವು ತಿಂಗಳ ಮೇಲೆ ಬೋರ್ಡಿನ ತೀರ್ಮಾನ ಬಂತು. ಕಾಯಿಲೆ ನೌಕರಿಯಿಂದ ಬಂದದ್ದಲ್ಲ, ಹುಟ್ಟುಸ್ವಭಾವದಲ್ಲೇ ಇದ್ದದ್ದು ಅಂತ. ಅಂದರೆ ನನ್ನ ಅತ್ತೆ ಇವರನ್ನು ಹೆತ್ತದ್ದೇ ಹೀಗೆ. ಇವರು ಅದನ್ನು ಕೇಳಿ ತಲೆಯಾಡಿಸಿದರು.

ಆಮೇಲೆ ಶುರುವಾಯಿತು ನೋಡಿ ನಮ್ಮ ಕಾಯುವಿಕೆ. ಮೇಲ್ಮನವಿ, ಅದರ ಮೇಲೊಂದು ಮೇಲ್ಮನವಿ, ವಕೀಲರು, ಮುಂದಿನ ತಾರೀಖು, ಮತ್ತೆ ಮುಂದಿನ ತಾರೀಖು. ಪಿಂಚಣಿ ಆಫೀಸಿಗೆ ಫೋನ್ ಮಾಡಿದರೆ, ಎತ್ತುವ ಹುಡುಗಿಯದು ಪ್ರಾಸೆಸ್‌ನಲ್ಲಿದೆ ಮೇಡಂ ಎಂಬ ಒಂದೇ ಮಾತು. ಆ ಹುಡುಗಿಯ ದನಿ ನನಗೆ ಎಷ್ಟು ಪರಿಚಯವಾಯಿತೆಂದರೆ, ನೆಗಡಿಯಾಗಿದ್ದರೆ ಗೊತ್ತಾಗುತ್ತಿತ್ತು. ಪಾರ್ಕಿನಲ್ಲಿ ವಾಕಿಂಗ್ ಬರುವ ನಿವೃತ್ತ ಅಂಕಲ್‌ಗಳು ಇವರನ್ನು ಹಿಡಿದು ನಿಲ್ಲಿಸಿ ಪ್ರಾಣಾಯಾಮ ಹೇಳಿಕೊಟ್ಟರು. ಒಬ್ಬರು ಬೂದುಗುಂಬಳದ ರಸ ಅಂದರು. ಅದನ್ನೂ ಮಾಡಿಕೊಟ್ಟೆ, ಪಾಪ, ಇವರು ಆರ್ಡರ್ ಅನ್ನುವ ಹಾಗೆ ಗಟಗಟ ಕುಡಿದರು. ಬಿಳೇಕಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸಕ್ಕೂ ಹೋದರು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಸದ್ದೇ ಇರುವುದಿಲ್ಲವಲ್ಲ. ಒಂದು ಮಧ್ಯಾಹ್ನ ಕಂಬದ ಹಿಂದೆ ಮುದುರಿ ಕೂತಿದ್ದರು ಅಂತ ಫೋನ್ ಬಂತು. ನಾನೇ ಹೋಗಿ ಕರೆತಂದೆ. ಮತ್ತೆ ಕಳಿಸಲಿಲ್ಲ.

ಮಂಗಳವಾರ ರಾಹುಕಾಲಕ್ಕೆ ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದೆ. ಸಾಲಿನಲ್ಲಿ ನಿಂತ ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಒಬ್ಬಳಿಗೆ ಮಗಳ ಮದುವೆ, ಒಬ್ಬಳಿಗೆ ಸೈಟಿನ ಜಗಳ. ನಿಮ್ಮದೇನು ಅಂದರೆ ಏನು ಹೇಳಲಿ? ನನ್ನ ಗಂಡನಿಗೆ ಕಾಯಿಲೆ ಇರುವುದನ್ನು ಯಾರಾದರೂ ನಂಬುವ ಹಾಗೆ ಮಾಡು ತಾಯಿ ಅಂತ ಬೇಡುವವಳು ಆ ಸಾಲಿನಲ್ಲಿ ನಾನೊಬ್ಬಳೇ. ಆಮೇಲಾಮೇಲೆ ಸಾಕಾಗಿ ಅದನ್ನೂ ಬಿಟ್ಟೆ. ದೇವರ ಮೇಲೆ ಕೋಪವೇನಿಲ್ಲ. ಕಾಲುನೋವು.

ಕೊನೆಗೂ ಇನ್ನೊಂದು ಬೋರ್ಡು ಕೂರಿಸಬೇಕು ಅಂತ ಆದೇಶವಾಯಿತು. ನಮ್ಮ ಕಾಗದಪತ್ರ ನೋಡಿಕೊಳ್ಳುತ್ತಿದ್ದವರು ಜೆ.ಪಿ. ನಗರದ ಒಬ್ಬ ನಿವೃತ್ತ ಸುಬೇದಾರರು. ಇಂಥ ಮನೆಗಳಿಗೆಲ್ಲ ಬಿಟ್ಟಿ ಸಹಾಯ ಮಾಡುವ ಪುಣ್ಯಾತ್ಮರು. ಅವರು ಮನೆಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಈ ಸಲ ಒಳಗೆ ನೀವೂ ಹೋಗಿ, ಹಾಗಂತ ಅರ್ಜಿ ಕೊಟ್ಟಿದ್ದೇನೆ. ಇನ್ನೊಂದು, ನಾಲ್ಕು ದಿನ ಇವರಿಗೆ ಶೇವ್ ಮಾಡಿಕೊಳ್ಳೋಕೆ ಬಿಡಬೇಡಿ. ಕಾಯಿಲೆಯವರು ಕಾಯಿಲೆಯವರ ಹಾಗೆ ಕಾಣಬೇಕು.

ನಾನು ರೇಜರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಗೆದ್ದೆ ಅಂದುಕೊಂಡೆ. ಬೋರ್ಡಿನ ದಿನ ಬೆಳಿಗ್ಗೆ ಹಾಲು ತರುತ್ತೇನೆ ಅಂತ ಹೋದವರು ಕಟಿಂಗ್ ಶಾಪಿನಲ್ಲಿ ಗಡ್ಡ ನುಣ್ಣಗೆ ಬೋಳಿಸಿಕೊಂಡು, ಮೀಸೆಗೆ ಕತ್ತರಿ ಹಾಕಿಸಿಕೊಂಡು ಬಂದು ನಿಂತರು. ಹಾಲು ಮರೆತಿದ್ದರು. ನನಗೆ ರೇಗಿಹೋಯಿತು, ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಶೂಗೆ ಪಾಲಿಶ್ ತಿಕ್ಕುತ್ತಾ, “ಗಡ್ಡ ಬಿಟ್ಕೊಂಡು ಆಫೀಸರ್ ಮುಂದೆ ಹೇಗೆ ನಿಂತ್ಕೊಳ್ಳಲಿ?” ಅಂದರು. ಮದುಮಗನ ಹಾಗೆ ಹೊರಟವರ ಹಿಂದೆ ನಾನು ಸಿಡಿಮಿಡಿಗುಟ್ಟುತ್ತ ಹೊರಟೆ.

ಮೇಜಿನ ಹಿಂದೆ ಕೂತ ಮೂವರಲ್ಲಿ ನಡುವಿನವರು ನರೆಗೂದಲಿನ ಕರ್ನಲ್. ನನಗೆ ಕುರ್ಚಿ ತೋರಿಸಿದರು. ಇವರಿಗೂ ತೋರಿಸಿದರು, ಇವರು ಕೂರಲಿಲ್ಲ. ಹೇಗಿದ್ದೀರಿ ಅಂದರು ಹಿಂದಿಯಲ್ಲಿ. ನಾನು ಸೆರಗನ್ನು ಕೈಗೆ ಸುತ್ತಿಕೊಂಡು ದೇವರೇ ದೇವರೇ ಅಂದುಕೊಳ್ಳುತ್ತಿದ್ದೆ.

“ಏಕ್‌ದಮ್ ಫಿಟ್, ಸಾರ್.”

ಮುಗಿಯಿತು ಕತೆ ಅಂದುಕೊಂಡೆ. ನೆಲ ನೋಡುತ್ತ ಕೂತುಬಿಟ್ಟೆ. ಆದರೆ ಕರ್ನಲ್ ಪೆನ್ನು ಎತ್ತಲಿಲ್ಲ. ಇವರನ್ನೇ ನೋಡಿ, ಸರಿ ಹವಾಲ್ದಾರ್, ಆ ದಿನದ ಪಹರೆಯ ರಿಪೋರ್ಟ್ ಕೊಡಿ ಅಂದರು.

ಹೇಗಿದ್ದೀಯ ಅಂದರೆ ಹೇಳಲಾಗದವರು ರಿಪೋರ್ಟ್ ಅಂದ ತಕ್ಷಣ ಶುರುಮಾಡಿದರು. ಅಟೆನ್ಷನ್‌ನಲ್ಲಿ ನಿಂತು, ಎದುರಿನ ಗೋಡೆ ನೋಡುತ್ತ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿಯಿಲ್ಲ. ಆರು ಜನ ಹೊರಟಿದ್ದು. ಹಳ್ಳ ದಾಟಿದ್ದು. ಹಕ್ಕಿಗಳ ಸದ್ದು ನಿಂತಿದ್ದು. ಅದನ್ನು ಗಮನಿಸಿಯೂ ತಾನು ಮುಂದೆ ನಡೆಯಿರಿ ಅಂತ ಹೇಳಿದ್ದು. ಮುಂದಿದ್ದ ಇಬ್ಬರು ಹುಡುಗರು ಗುಂಡು ತಗುಲಿ ಬಿದ್ದಿದ್ದು, ಅವರನ್ನು ಸಂಜೆಯವರೆಗೆ ಈಚೆಗೆ ಎಳೆದುಕೊಳ್ಳಲಾಗದೆ ಬಂಡೆಯ ಹಿಂದೆ ಕೂತದ್ದು, ಅವರಲ್ಲೊಬ್ಬ ತುಂಬಾ ಹೊತ್ತು ನೀರು ಕೇಳಿದ್ದು, ಆಮೇಲೆ ಕೇಳದೇ ಹೋದದ್ದು. ನನ್ನ ಕಣ್ಣಲ್ಲಿ ನೀರು ಧಾರಾಕಾರ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು ನಾನು, ಇದನ್ನೆಲ್ಲ ಗುರುತಿಲ್ಲದ ಮೂವರ ಜೊತೆ ಕೂತು ಕೇಳುತ್ತಿದ್ದೆ.

ರಿಪೋರ್ಟ್ ಮುಗಿಯಿತು. ಕರ್ನಲ್ ಈಗ ಕನ್ನಡದಲ್ಲೇ, ಮೆಲ್ಲಗೆ, “ನಿಮಗೇನಾಯ್ತು?” ಅಂದರು.

“ನನಗೇನೂ ಆಗ್ಲಿಲ್ಲ ಸಾರ್. ನಾನು ನಡ್ಕೊಂಡು ಬಂದೆ.”

ಹಾಗನ್ನುವಾಗ ಪ್ಯಾಂಟಿನ ಹೊಲಿಗೆಗೆ ಒತ್ತಿ ಹಿಡಿದಿದ್ದ ಎರಡೂ ಕೈ ಗಡಗಡ ನಡುಗುತ್ತಿದ್ದವು. ಕರ್ನಲ್ ನನ್ನ ಕಡೆ ತಿರುಗಿದರು. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆಲ್ಲ ಮರೆತಿತ್ತು. ಫ್ಯಾನಿನ ವಿಷಯ, ನೆಲಮಾಳಿಗೆಯ ವಿಷಯ, ಹಿಂದೆಮುಂದಿಲ್ಲದೆ ಏನೇನೋ ಹೇಳಿದೆ. ಇವರು ಗೋಡೆ ಬಿಟ್ಟು ಕಣ್ಣು ಕದಲಿಸಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಜಗಳವಾಡುವ ಶಕ್ತಿಯೂ ನನಗಿರಲಿಲ್ಲ. ಆದರೂ ಕೇಳದೆ ಇರಲಾಗಲಿಲ್ಲ, ಯಾಕ್ರೀ ಮತ್ತೆ ಫಿಟ್ ಅಂದ್ರಿ ಅಂತ. ಲಾಲ್‌ಬಾಗಿನ ಗೋಡೆ ದಾಟಿದ ಮೇಲೆ ಇವರು ಹೇಳಿದರು. “ಆ ಇಬ್ರು ಹುಡುಗರ ಅಮ್ಮಂದಿರು ಬಂದು ಎದುರಿಗೆ ನಿಂತ್ರೆ, ನನಗೂ ಏಟಾಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಫಿಟ್ ಅನ್ನುವುದು ಬರೀ ಅಭ್ಯಾಸಬಲ ಅಂತ ಅಷ್ಟು ವರ್ಷ ಬೈದಿದ್ದೆ.

ಮತ್ತೆ ಕಾದೆವು. ಒಂದು ಮಳೆಗಾಲ ಹೋಯಿತು, ಮದುವೆ ಸೀಸನ್ನು ಬಂತು, ನನಗೆ ಬ್ಲೌಸುಗಳ ರಾಶಿ ಬಿತ್ತು. ಕೇಳುವುದನ್ನು ನಾನೂ ಬಿಟ್ಟಿದ್ದೆ. ಹಾಗಿರುವಾಗ ಒಂದು ಬೆಳಿಗ್ಗೆ ಸುಬೇದಾರರು ಫೋನ್ ಮಾಡಿದರು. ಇವರಿಗೂ ಕೇಳಲಿ ಅಂತ ಸ್ಪೀಕರ್‌ಗೆ ಹಾಕಿದೆ. ಆಗಿದೆ ಅಮ್ಮಾ, ಬೋರ್ಡಿನವರು ಬರೆದಿದ್ದಾರೆ, ಮೇಲಿನವರೂ ಒಪ್ಪಿದ್ದಾರೆ, ಕಾಯಿಲೆ ನೌಕರಿಯಿಂದಲೇ ಬಂದದ್ದು ಅಂತ, ಅಂದರು. ಪಿಂಚಣಿ ಕೈಗೆ ಬರೋದಕ್ಕೆ ಇನ್ನೂ ಬೇರೆ ಆಫೀಸು ಸುತ್ತಬೇಕು, ಅದು ಗೊತ್ತಿದ್ದದ್ದೇ ಅಂತಲೂ ಸೇರಿಸಿದರು. ನನಗೆ ಖುಷಿಯಾಗಬೇಕಿತ್ತು. ಉಸ್ಸಪ್ಪಾ ಅಂತ ಕೂತೆ ಅಷ್ಟೇ.

ಇವರು ಬಾಗಿಲ ಹತ್ತಿರ ನಿಂತಿದ್ದರು. ಫೋನ್ ಇಟ್ಟ ಮೇಲೂ ಅಲ್ಲೇ ನಿಂತಿದ್ದರು. ಆಮೇಲೆ ಕೇಳಿದರು, ಅಪ್ಪಣೆ ಕೇಳುವ ಹಾಗೆ.

“ಸಾಹೇಬ್ರೇ ಹಾಗಂತ ಬರ್ದಿದಾರಾ? ಅಂದ್ರೆ, ನನಗೂ ಏಟಾಗಿತ್ತು ಅಂತ ಆಯ್ತಲ್ವಾ?”

ಹೂಂ ರೀ, ಆಗಿತ್ತು ಅಂದೆ. ಇವರು ಅಲ್ಲೇ ಹೊಸ್ತಿಲ ಮೇಲೆ ಕೂತು, ಗಿರಾಕಿಗಳು ಬರುವ ಹೊತ್ತು ಅನ್ನುವುದನ್ನೂ ನೋಡದೆ, ಜೋರಾಗಿ ಅತ್ತರು.